27 ವರ್ಷದ ಹಿಂದೆ ಕೊಯ್ದ ಕಿಡ್ನಿಯಲ್ಲೇ ಮತ್ತೆ ಕಲ್ಲು. ತೂತಿನ ಆಪರೇಷನ್ ಆಗುತ್ತಾ, ಮತ್ತೆ ಕೊಯ್ಯಲೇಬೇಕಾ?

ಬಂಗಾರಪೇಟೆ_ಮನೆ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. 1998ರಲ್ಲಿ ಎಡಗಡೆ ಕಿಡ್ನಿಯಲ್ಲಿ ಕಲ್ಲಾಗಿ, ಪಕ್ಕೆ ಕೊಯ್ದು ತೆಗೆದಿದ್ದರು. ಬೆನ್ನಿನಿಂದ ಹೊಟ್ಟೆಯ ಕಡೆಗೆ ಒಂದು ಗೇಣು ಉದ್ದದ ಕಲೆ ಈಗಲೂ ಇದೆ. ಆಗ ಎರಡು ತಿಂಗಳು ಹೊಲದ ಕಡೆ ಹೋಗಿರಲಿಲ್ಲ. ಅಜ್ಜಿ ಇವತ್ತಿಗೂ ಆ ದಿನಗಳ ಮಾತು ಎತ್ತಿದರೆ ಕಣ್ಣೀರು ಹಾಕುತ್ತಾರೆ.

ಹೋದ ತಿಂಗಳು ಮತ್ತೆ ನೋವು ಶುರುವಾಯಿತು. ಸ್ಕ್ಯಾನ್ ಮಾಡಿಸಿದರೆ ಅದೇ ಎಡ ಕಿಡ್ನಿಯಲ್ಲಿ 26 ಮಿ.ಮೀ. ಕಲ್ಲು. ಒಬ್ಬ ಡಾಕ್ಟರು "ಒಂದು ಸಲ ಕೊಯ್ದ ಕಿಡ್ನಿ ಇದು, ಒಳಗೆಲ್ಲ ಅಂಟಿಕೊಂಡಿರುತ್ತದೆ, ತೂತು ಹಾಕಿ ತೆಗೆಯುವುದು ಕಷ್ಟ, ಓಪನ್ನೇ ಮಾಡಬೇಕು" ಅಂದರು. ಇನ್ನೊಬ್ಬರು "ಪಿಸಿಎನ್ಎಲ್, ಅಂದರೆ ತೂತಿನ ಆಪರೇಷನ್ನೇ ಮಾಡೋಣ, ಆಗುತ್ತದೆ" ಅಂದರು. ಮತ್ತೆ ಕೊಯ್ಯುವುದಾದರೆ ಆಪರೇಷನ್ನೇ ಬೇಡ ಅಂತ ಅಪ್ಪ ಹಟ ಹಿಡಿದು ಕೂತಿದ್ದಾರೆ. ಸಕ್ಕರೆ ಕಾಯಿಲೆ ಸ್ವಲ್ಪ ಇದೆ. ಕ್ರಿಯೇಟಿನಿನ್ (ಕಿಡ್ನಿ ಕೆಲಸ ಕಮ್ಮಿಯಾದರೆ ರಕ್ತದಲ್ಲಿ ಏರುವ ಅಂಶ) 1.4.

ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ದಯವಿಟ್ಟು ಹೇಳಿ.

ಮಾಲೂರು_ಹೆಂಚು
ನಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು. ಓಪನ್ ಆಗಿ 19 ವರ್ಷಕ್ಕೆ ಅದೇ ಕಡೆ ಪಿಸಿಎನ್ಎಲ್ ಆಯಿತು. ನಾಲ್ಕನೇ ದಿನ ಮನೆಗೆ ಬಂದರು. ಧೈರ್ಯವಾಗಿರಿ.

ಚಿಂತಾಮಣಿ_ಚಾವಡಿ
ನಾನು ಮೊದಲನೇ ಡಾಕ್ಟರ ಕಡೆ. ಓಪನ್ ಅಂದರೆ ಕಣ್ಣಾರೆ ನೋಡಿ ಒಂದೇ ಸಲಕ್ಕೆ ಪೂರ್ತಿ ತೆಗೆಯುತ್ತಾರೆ. ತೂತಿನಲ್ಲಿ ಚೂರು ಉಳಿಯುತ್ತದೆ. ನಮ್ಮ ಭಾವನಿಗೆ ಎರಡು ಸಲ ತೂತು ಹಾಕಿದರು, ಆಮೇಲೂ ಚೂರು ಇತ್ತು. ಅಷ್ಟು ದುಡ್ಡು, ಅಷ್ಟು ಓಡಾಟ.

ಮುಳಬಾಗಿಲು_ದೋಸೆ
ಆಪರೇಷನ್ ಯಾಕೆ? ಹುರುಳಿ ಕಟ್ಟು, ಬಾಳೆದಿಂಡಿನ ರಸ ಒಂದು ತಿಂಗಳು ಕೊಡಿ. ನನ್ನ ಕಲ್ಲು ಹಾಗೇ ಬಿದ್ದುಹೋಯಿತು.

ಥಿಯೇಟರ್_ಸಿಸ್ಟರ್
ಮುಳಬಾಗಿಲಿನವರೇ, ನಿಮ್ಮ ಕಲ್ಲು ಎಷ್ಟಿತ್ತು?

ಮುಳಬಾಗಿಲು_ದೋಸೆ
4 ಮಿ.ಮೀ.

ಥಿಯೇಟರ್_ಸಿಸ್ಟರ್
ಅಷ್ಟಿದ್ದರೆ ಹೆಚ್ಚಿನವರಿಗೆ ತಾನಾಗೇ ಬೀಳುತ್ತದೆ. ಬರೀ ನೀರು ಕುಡಿದಿದ್ದರೂ ಬೀಳುತ್ತಿತ್ತು. ಮೂತ್ರನಾಳದ ಒಳಗಿನ ದಾರಿ ಬರೀ 3–4 ಮಿ.ಮೀ. ಅಗಲ. 26 ಮಿ.ಮೀ. ಕಲ್ಲು ಅದರಲ್ಲಿ ಇಳಿಯುವುದು ಹೇಗೆ? ಹುರುಳಿ ಸಾರು ಊಟಕ್ಕೆ ಒಳ್ಳೆಯದು, ತಿನ್ನಲಿ. ಆದರೆ ಅದನ್ನು ನಂಬಿ ತಿಂಗಳು ಕಳೆಯಬೇಡಿ. ಕಲ್ಲು ಅಡ್ಡ ಕೂತು ಮೂತ್ರ ಹಿಂದಕ್ಕೆ ಒತ್ತಿದರೆ ಕಿಡ್ನಿ ನೋವಿಲ್ಲದೆಯೂ ಹಾಳಾಗುತ್ತದೆ. ನೋವು ನಿಂತಿತು, ಕಲ್ಲು ಕರಗಿತು ಅಂದುಕೊಂಡು ಕಿಡ್ನಿಯನ್ನೇ ಕಳೆದುಕೊಂಡವರನ್ನು ನನ್ನ ಕೆಲಸದ ವರ್ಷಗಳಲ್ಲಿ ನೋಡಿದ್ದೇನೆ.

ಯೂರೋ_ವಾರ್ಡ್
ನಾನು ತುಮಕೂರಿನವನು, ಯೂರಾಲಜಿಯಲ್ಲಿ ಟ್ರೈನಿಂಗ್‌ನಲ್ಲಿದ್ದೇನೆ. ನಿಮ್ಮ ಅಪ್ಪನನ್ನು ನೋಡದೆ ಇದೇ ಮಾಡಿ ಅಂತ ಹೇಳಲಾರೆ. ಆದರೆ "ಒಮ್ಮೆ ಕೊಯ್ದರೆ ತೂತು ಆಗಲ್ಲ" ಅನ್ನುವುದು ಹಳೇ ಮಾತು. ಅದನ್ನು ಮಾತ್ರ ಬಿಡಿಸಿ ಹೇಳುತ್ತೇನೆ.

ಪಿಸಿಎನ್ಎಲ್ ಅಂದರೆ ಬೆನ್ನಿನ ಕಡೆಯಿಂದ ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ನೋಡಿಕೊಂಡು ಕಿಡ್ನಿಯೊಳಗೆ ಮೂತ್ರ ಸೇರುವ ಬಟ್ಟಲಿಗೆ ಸೂಜಿ ಹಾಕುವುದು. ಸೂಜಿಯೊಳಗೆ ಒಂದು ತಂತಿ ಬಿಡುತ್ತಾರೆ. ತಂತಿಯ ಮೇಲೆ ಒಂದಾದ ಮೇಲೊಂದು ದಪ್ಪ ಕೊಳವೆ ಇಳಿಸಿ ದಾರಿ ಅಗಲ ಮಾಡುತ್ತಾರೆ. ಆ ದಾರಿಯಲ್ಲಿ ದುರ್ಬೀನು ಹೋಗುತ್ತದೆ, ಕಲ್ಲು ಒಡೆದು ಚೂರು ಹೊರಗೆ ತೆಗೆಯುತ್ತಾರೆ. ಸ್ವೀಡನ್‌ನಲ್ಲಿ 1976ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ದಾರಿಯ ಅಳತೆ ಫ್ರೆಂಚ್ ಲೆಕ್ಕದಲ್ಲಿ, 3 ಫ್ರೆಂಚ್ ಅಂದರೆ 1 ಮಿ.ಮೀ. ಮಾಮೂಲಿ ಪಿಸಿಎನ್ಎಲ್‌ಗೆ 24ರಿಂದ 30, ಅಂದರೆ 8ರಿಂದ 10 ಮಿ.ಮೀ. ಮಿನಿ ಅನ್ನುವುದರಲ್ಲಿ 20ಕ್ಕಿಂತ ಕಮ್ಮಿ.

ಈಗ ಹಳೇ ಆಪರೇಷನ್ ಆದ ಕಿಡ್ನಿಗೆ ಬರೋಣ. ಸುತ್ತಲಿನ ಕೊಬ್ಬಿನ ಜಾಗದಲ್ಲಿ ಗಟ್ಟಿ ನಾರು ಬೆಳೆದಿರುತ್ತದೆ. ಕಿಡ್ನಿ ಬೆನ್ನಿನ ಗೋಡೆಗೆ ಅಂಟಿರುತ್ತದೆ. ಒಳಗಿನ ಬಟ್ಟಲುಗಳ ಆಕಾರ ಬದಲಾಗಿರಬಹುದು, ಅವುಗಳ ಕುತ್ತಿಗೆ ಕಿರಿದಾಗಿರಬಹುದು. ಕರುಳು ತನ್ನ ಜಾಗ ಬಿಟ್ಟು ಕಿಡ್ನಿಯ ಹಿಂದಕ್ಕೆ ಬಂದಿರಲೂಬಹುದು. ಆಗ ಸೂಜಿ ಕರುಳಿಗೆ ತಾಗುವ ಭಯ. ಅದಕ್ಕೇ ಇಂಥವರಿಗೆ ಸಿ.ಟಿ. ಸ್ಕ್ಯಾನ್ ಇಲ್ಲದೆ ಕೈ ಹಾಕಬಾರದು.

ಚಿಂತಾಮಣಿಯವರು ಗಮನಿಸಬೇಕಾದ್ದು ಇಲ್ಲಿದೆ. ಆ ಅಂಟು ಓಪನ್ ಮಾಡುವವರಿಗೂ ಇರುತ್ತದೆ, ಇನ್ನೂ ಜಾಸ್ತಿಯೇ ಕಾಡುತ್ತದೆ. ತೂತಿನಲ್ಲಿ ಒಂದು ಸೆಂಟಿಮೀಟರ್ ದಾರಿ ಮಾಡಿದರೆ ಸಾಕು. ಓಪನ್‌ನಲ್ಲಿ ಆ ಅಂಟನ್ನೆಲ್ಲ ಬಿಡಿಸುತ್ತಾ ಕಿಡ್ನಿಯ ತನಕ ಹೋಗಬೇಕು. ರಕ್ತ ಹೋಗುವುದು, ಪಕ್ಕದ ಅಂಗಕ್ಕೆ ಪೆಟ್ಟಾಗುವುದು, ಕೊನೆಗೆ ಕಿಡ್ನಿಯನ್ನೇ ತೆಗೆಯಬೇಕಾಗಿ ಬರುವುದು, ಇದೆಲ್ಲ ಎರಡನೇ ಓಪನ್‌ನಲ್ಲಿ ಮೊದಲನೆಯದಕ್ಕಿಂತ ಜಾಸ್ತಿ. ಹಾಗಾಗಿ ಒಮ್ಮೆ ಕೊಯ್ಸಿಕೊಂಡವರಿಗೇ ತೂತಿನ ದಾರಿಯ ಲಾಭ ಹೆಚ್ಚು.

ಬೇರೆ ಬೇರೆ ದೇಶಗಳಲ್ಲಿ ಮೊದಲು ಓಪನ್ ಆದವರನ್ನೂ ಆಗದವರನ್ನೂ ಹೋಲಿಸಿ ನೋಡಿದ್ದಾರೆ. ಹೆಚ್ಚಿನ ವರದಿಗಳಲ್ಲಿ ಕಲ್ಲು ಪೂರ್ತಿ ಹೋಗುವುದರಲ್ಲಿ, ತೊಂದರೆಗಳಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಕೆಲವದರಲ್ಲಿ ಆಪರೇಷನ್‌ಗೆ ಸಮಯ ಜಾಸ್ತಿ ಹಿಡಿದಿದೆ, ಕೆಲವರಿಗೆ ಎರಡನೇ ಸಲ ಏನಾದರೂ ಮಾಡಬೇಕಾಗಿದೆ.

ಥಿಯೇಟರ್_ಸಿಸ್ಟರ್
ಯೂರೋ_ವಾರ್ಡ್ ಹೇಳಿದ್ದು ಸರಿ. ನಾನು ಕಣ್ಣಾರೆ ಕಂಡದ್ದು ಸೇರಿಸುತ್ತೇನೆ. ಮೊದಲು ಆಪರೇಷನ್ ಆಗದ ಕಿಡ್ನಿಗೆ ಕೊಳವೆ ಒತ್ತಿದರೆ ಅದು ಮುಂದಕ್ಕೆ ಜಾರುತ್ತದೆ, ಉಸಿರಾಡಿದಾಗ ಮೇಲೆ ಕೆಳಗೆ ಹೋಗುತ್ತದೆ. ಹಳೇ ಆಪರೇಷನ್ ಆದ ಕಿಡ್ನಿ ಅಲ್ಲಾಡದೆ ನಿಂತಿರುತ್ತದೆ. ಸೂಜಿ ಹಾಕಲು ಒಂದು ರೀತಿ ಅನುಕೂಲವೇ. ಆದರೆ ದಾರಿ ಅಗಲ ಮಾಡುವಾಗ ಕೈ ನೋಯುತ್ತದೆ. ಹದ ಮಾಡಿದ ತೊಗಲಿಗೆ ದಬ್ಬಳ ಚುಚ್ಚಿದ ಹಾಗೆ. ಮೆತ್ತನೆಯ ತಂತಿ ಆ ಗಟ್ಟಿ ಜಾಗದಲ್ಲಿ ಮಡಚಿಬಿಡುತ್ತದೆ. ದಾರಿ ಅಗಲ ಮಾಡಲು ಉಬ್ಬಿಸುವ ಬಲೂನು ಮಧ್ಯದಲ್ಲಿ ಸೊಂಟದ ಹಾಗೆ ಸಣ್ಣಗಾಗಿ ಅರ್ಧಕ್ಕೇ ನಿಲ್ಲುತ್ತದೆ. ಆಗ ನಮ್ಮ ಸರ್ ಗಡುಸು ತಂತಿ, ಒಂದರೊಳಗೊಂದು ಕೂರುವ ಲೋಹದ ಕೊಳವೆ ಕೇಳುತ್ತಿದ್ದರು. ಹಳೇ ಕಲೆ ಇರುವ ಪೇಷೆಂಟ್ ಅಂದರೆ ಹಿಂದಿನ ದಿನವೇ ಆ ಸೆಟ್ ತೆಗೆದಿಡುತ್ತಿದ್ದೆ.

ಅದಕ್ಕೇ ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ: "ಓಪನ್ ಆದ ಕಿಡ್ನಿಗೆ ನೀವು ಮೊದಲು ಪಿಸಿಎನ್ಎಲ್ ಮಾಡಿದ್ದೀರಾ?" ಕೇಳಲು ಸಂಕೋಚ ಬೇಡ. ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಚಿಂತಾಮಣಿ_ಚಾವಡಿ
ಅಂಟು ಓಪನ್‌ಗೂ ಇರುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಅದು ಒಪ್ಪುವ ಮಾತು. ಆದರೆ ಚೂರು ಉಳಿಯುವ ವಿಷಯ?

ಯೂರೋ_ವಾರ್ಡ್
ಉಳಿಯಬಹುದು. ಕವಲೊಡೆದ ಕಲ್ಲಿದ್ದರೆ ಒಂದೇ ದಾರಿಯಲ್ಲಿ ಎಲ್ಲ ಮೂಲೆಗೂ ತಲುಪುವುದಿಲ್ಲ. ಓಪನ್‌ನಲ್ಲೂ ಚೂರು ಉಳಿಯುತ್ತಿತ್ತು, ಈ ಅಪ್ಪನಿಗೆ ಎಲ್ಲಿ ಉಳಿದಿತ್ತೋ ಯಾರಿಗೆ ಗೊತ್ತು.

ಅಂತರಗಂಗೆ_ಮೆಟ್ಟಿಲು
ನಮ್ಮ ಜಿಲ್ಲೆಯ ನೀರೇ ಕಾರಣ. ಬೋರ್‌ವೆಲ್ 1000 ಅಡಿ ದಾಟಿದೆ. ಪಾತ್ರೆಯಲ್ಲಿ ಕಾಯಿಸಿದರೆ ಬಿಳಿ ಪದರ ನಿಲ್ಲುತ್ತದೆ. ಅದೇ ಹೊಟ್ಟೆಯೊಳಗೆ ಕಲ್ಲಾಗುತ್ತದೆ. ಈಗ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳಿಸುವ ನೀರು ಬೇರೆ ನಮ್ಮ ಕೆರೆಗಳಿಗೆ ಬಂದಿದೆ.

ಶ್ರೀನಿವಾಸಪುರ_ಮಾವು
ಕೆ.ಸಿ. ವ್ಯಾಲಿ ನೀರು 2018ರಲ್ಲಿ ಬಂತು. ಅವರ ಅಪ್ಪನ ಮೊದಲ ಕಲ್ಲು 1998ರದ್ದು. ಅದನ್ನು ಇಲ್ಲಿಗೆ ಎಳೆಯಬೇಡಿ. ಆ ನೀರು ಬಂದ ಮೇಲೆ ನಮ್ಮ ಕಡೆ ಬೋರ್ ಮತ್ತೆ ಜೀವ ಹಿಡಿದಿವೆ.

ಅಂತರಗಂಗೆ_ಮೆಟ್ಟಿಲು
ಅಂತರ್ಜಲ ಏರಿದೆ, ಒಪ್ಪುತ್ತೇನೆ. ಆದರೆ ಎರಡೇ ಹಂತ ಶುದ್ಧ ಮಾಡಿ ಬಿಡುತ್ತಾರೆ, ಮೂರನೇ ಹಂತ ಬೇಕು ಅಂತ ಇಲ್ಲಿನ ಜನ ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ. ಅದು ನ್ಯಾಯವಾದ ಬೇಡಿಕೆ ಅಲ್ವಾ?

ಶ್ರೀನಿವಾಸಪುರ_ಮಾವು
ನ್ಯಾಯವಾದದ್ದೇ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

ಯೂರೋ_ವಾರ್ಡ್
ಗಡಸು ನೀರು ಒಂದರಿಂದಲೇ ಕಲ್ಲಾಗುತ್ತದೆ ಅಂತ ಸಾಬೀತಾಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಈ ಮೂರು ಜಿಲ್ಲೆಗಳ ನೀರಿನಲ್ಲಿ ಫ್ಲೋರೈಡ್ ತೊಂದರೆ ಇರುವುದು ನಿಜ, ನಮ್ಮ ಪಾವಗಡದ ಕಡೆ ಹಲ್ಲು ಮೂಳೆ ನೋಡಿದರೇ ಗೊತ್ತಾಗುತ್ತದೆ. ಆದರೆ ಕಲ್ಲಿನ ವಿಷಯದಲ್ಲಿ ನಾನು ಹೆದರುವುದು ನೀರು ಕಮ್ಮಿ ಕುಡಿಯುವುದಕ್ಕೆ. ಬಿಸಿಲಲ್ಲಿ ಬೆವರು ಹರಿದು ಮೂತ್ರ ಗಟ್ಟಿಯಾಗುತ್ತದೆ. ಟೊಮೆಟೊ ತೋಟದಲ್ಲಿ ಬೆಳಿಗ್ಗೆಯಿಂದ ಕೆಲಸ ಮಾಡುವವರು ಮಧ್ಯಾಹ್ನದವರೆಗೆ ಒಂದು ಚೊಂಬು ನೀರು ಕುಡಿದಿರುವುದಿಲ್ಲ. ನೀರು ಸರಿ ಇಲ್ಲ ಅಂತ ಹೆದರಿ ಕುಡಿಯುವುದನ್ನೇ ಕಮ್ಮಿ ಮಾಡಿದರೆ ಇನ್ನೂ ಕೆಟ್ಟದ್ದು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಆಗುವಷ್ಟು ಕುಡಿಯಬೇಕು.

ಟೊಮೆಟೊ_ಮಂಡಿ
ಟೊಮೆಟೊ ಬೀಜದಿಂದ ಕಲ್ಲು ಅಂತ ನಮ್ಮ ಬೆಳೆಯ ಮೇಲೇ ಹೇಳುತ್ತಾರೆ. ನಿಜವಾ?

ಯೂರೋ_ವಾರ್ಡ್
ಇಲ್ಲ. ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಅನ್ನುವ ಅಂಶ ಟೊಮೆಟೊದಲ್ಲಿ ತುಂಬಾ ಕಮ್ಮಿ. ಬೀಜ ಕರುಳಲ್ಲಿ ಹೋಗುತ್ತದೆ, ಕಿಡ್ನಿಗೆ ಬರುವ ದಾರಿಯೇ ಇಲ್ಲ. ಜಾಸ್ತಿ ಇರುವುದು ಪಾಲಕ್, ದಂಟಿನ ಸೊಪ್ಪಿನಲ್ಲಿ. ಅವನ್ನೂ ಪೂರ್ತಿ ಬಿಡಬೇಕಿಲ್ಲ, ಮಿತಿ ಇರಲಿ.

ಮುಳಬಾಗಿಲು_ದೋಸೆ
ರಾಗಿ ಮುದ್ದೆ ಬಿಡಬೇಕಾ? ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂತಾರೆ.

ಥಿಯೇಟರ್_ಸಿಸ್ಟರ್
ಕ್ಯಾಲ್ಸಿಯಂಗೆ ಹೆದರಿ ಊಟ ಬಿಡಬೇಡಿ. ಊಟದ ಜೊತೆ ಹೋಗುವ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಲ್ಲೇ ಹಿಡಿದು ಹೊರಗೆ ಹಾಕುತ್ತದೆ. ಹಾಲು, ಮಜ್ಜಿಗೆ ನಿಲ್ಲಿಸಿದವರಿಗೇ ಕಲ್ಲು ಜಾಸ್ತಿಯಾಗುತ್ತದೆ. ಕಮ್ಮಿ ಮಾಡಬೇಕಾದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ.

ಶಿಡ್ಲಘಟ್ಟ_ರೇಷ್ಮೆ
ನಾನು ಸ್ವಂತ ಅನುಭವ ಬರೆಯುತ್ತೇನೆ. ನನಗೆ ಬಲಗಡೆ 2004ರಲ್ಲಿ ಓಪನ್ ಆಗಿತ್ತು. 2021ರಲ್ಲಿ ಅದೇ ಕಡೆ ಪಿಸಿಎನ್ಎಲ್. ಆಪರೇಷನ್ ಚೆನ್ನಾಗೇ ಆಯಿತು. ಬೆನ್ನಲ್ಲಿ ಒಂದು ಟ್ಯೂಬ್ ಇಟ್ಟಿದ್ದರು, ಎರಡು ದಿನಕ್ಕೆ ತೆಗೆದರು. ಆ ಜಾಗದಿಂದ ಒಂದು ದಿನ ಮೂತ್ರ ಒಸರಿತು, ಆಮೇಲೆ ತಾನಾಗೇ ನಿಂತಿತು. ಹೊಲಿಗೆ ಒಂದೇ. 2004ರಲ್ಲಿ ಕೆಮ್ಮಲೂ ಆಗುತ್ತಿರಲಿಲ್ಲ, ಈ ಸಲ ಮೂರನೇ ದಿನ ನಾನೇ ಎದ್ದು ಸ್ನಾನ ಮಾಡಿದೆ.

ಎಡವಿದ್ದು ಆಮೇಲೆ. ಒಂಬತ್ತನೇ ದಿನ ಮೈ ಹಗುರ ಅನ್ನಿಸಿತು, ರೇಷ್ಮೆ ಗೂಡಿನ ಚೀಲ ಎತ್ತಿದೆ. ಸಂಜೆಗೆ ಮೂತ್ರ ಕೆಂಪಾಯಿತು. ರಾತ್ರಿ ಗೆಡ್ಡೆ ಗೆಡ್ಡೆಯಾಗಿ ರಕ್ತ ಬಂತು, ತಲೆ ಸುತ್ತಿತು. ತಮ್ಮ ಕಾರಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದ. ಒಳಗಿನ ಒಂದು ರಕ್ತನಾಳ ಉಬ್ಬಿ ಒಡೆದಿತ್ತು. ತೊಡೆಯ ನಾಳದಿಂದ ತಂತಿ ಕಳಿಸಿ ಆ ಒಂದು ಕವಲನ್ನು ಮುಚ್ಚಿದರು. ಎರಡು ಬಾಟಲ್ ರಕ್ತ ಕೊಟ್ಟರು. ಇದು ಅಪರೂಪ, ಆದರೆ ಆಗುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ವಾರದಲ್ಲಿ ಅಂತ ಡಾಕ್ಟರು ಹೇಳಿದರು. ನಿಮ್ಮ ಅಪ್ಪ ಹೊಲದ ಮನುಷ್ಯ. ಒಂದು ತಿಂಗಳು ಕೊಡ ಕೂಡ ಎತ್ತಲು ಬಿಡಬೇಡಿ. ತಿಳಿ ಕೆಂಪು ಕೆಲವು ದಿನ ಇರುತ್ತದೆ, ಅದಕ್ಕೆ ಹೆದರಬೇಡಿ. ಗೆಡ್ಡೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಬಂಗಾರಪೇಟೆ_ಮನೆ
ಇದನ್ನು ಅಮ್ಮನಿಗೆ ಓದಿ ಹೇಳಿದೆ. ತುಂಬಾ ಉಪಕಾರ ಆಯಿತು. ಒಂದು ಪ್ರಶ್ನೆ, ತೂತೂ ಇಲ್ಲದೆ ಮೂತ್ರದ ದಾರಿಯಿಂದಲೇ ಲೇಸರ್ ಅಂತಾರಲ್ಲ, ಅದು ಆಗಲ್ವಾ? ಹೊರಗಿನಿಂದ ಶಾಕ್ ಕೊಟ್ಟು ಒಡೆಯುವುದು?

ಯೂರೋ_ವಾರ್ಡ್
ಮೂತ್ರದ ದಾರಿಯಿಂದ ಬಾಗುವ ದುರ್ಬೀನು ಹಾಕಿ ಲೇಸರ್ ಮಾಡುವುದಕ್ಕೆ ಆರ್‌ಐಆರ್‌ಎಸ್ ಅನ್ನುತ್ತಾರೆ. ಹಳೇ ಕಲೆಯ ಜಾಗವನ್ನು ಮುಟ್ಟುವುದೇ ಇಲ್ಲ, ಅದು ದೊಡ್ಡ ಅನುಕೂಲ. ರಕ್ತ ತೆಳುವಾಗುವ ಮಾತ್ರೆ ನಿಲ್ಲಿಸಲಾಗದವರಿಗೂ ಒಳ್ಳೆಯದು. ಆದರೆ 20 ಮಿ.ಮೀ. ದಾಟಿದ ಕಲ್ಲಿಗೆ ಮೊದಲ ಆಯ್ಕೆ ಪಿಸಿಎನ್ಎಲ್. 26 ಮಿ.ಮೀ. ಕಲ್ಲಿಗೆ ಆರ್‌ಐಆರ್‌ಎಸ್ ಅಂದರೆ ಎರಡು ಸಲ ಮಾಡಬೇಕಾಗಬಹುದು. ಶಾಕ್ ಚಿಕಿತ್ಸೆ 1980ರಲ್ಲಿ ಜರ್ಮನಿಯಲ್ಲಿ ಶುರುವಾಯಿತು, ಸಣ್ಣ ಕಲ್ಲಿಗೆ ಸರಿ. ಇಷ್ಟು ದೊಡ್ಡದನ್ನು ಒಡೆದರೆ ಚೂರುಗಳೆಲ್ಲ ನಾಳದಲ್ಲಿ ಸಾಲಾಗಿ ಸಿಕ್ಕಿಕೊಳ್ಳುತ್ತವೆ. ಹಳೇ ಆಪರೇಷನ್‌ನಿಂದ ಬಟ್ಟಲಿನ ಕುತ್ತಿಗೆ ಕಿರಿದಾಗಿದ್ದರೆ ಚೂರು ಹೊರಗೆ ಬರುವುದೂ ಇಲ್ಲ.

ಇನ್ನೆರಡು ಮಾತು. 1998ರ ಡಿಸ್ಚಾರ್ಜ್ ಚೀಟಿ ಇದ್ದರೆ ಹುಡುಕಿ. ಕಿಡ್ನಿಯಿಂದ ಮೂತ್ರ ಬಂದು ಸೇರುವ ಚೀಲವನ್ನು ಮಾತ್ರ ಕೊಯ್ದಿದ್ದರೋ, ಕಿಡ್ನಿಯ ಮಾಂಸವನ್ನೇ ಸೀಳಿದ್ದರೋ ಅದರಿಂದ ಗೊತ್ತಾಗುತ್ತದೆ. ಮತ್ತೆ, ಆಪರೇಷನ್‌ಗೆ ಮುಂಚೆ ಮೂತ್ರದ ಕಲ್ಚರ್, ಅಂದರೆ ಸೋಂಕು ಇದೆಯಾ ಅಂತ ನೋಡುವ ಪರೀಕ್ಷೆ ಆಗಲೇಬೇಕು. ಸಕ್ಕರೆ ಕಾಯಿಲೆ ಬೇರೆ ಇದೆ. ಕಲ್ಲಿನೊಳಗಿನ ಸೋಂಕು ರಕ್ತಕ್ಕೆ ಹರಡಿದರೆ ಜೀವಕ್ಕೇ ಕುತ್ತು.

ತಿಪಟೂರು_ತೆಂಗು
ಖರ್ಚಿನ ಬಗ್ಗೆ ಯಾರೂ ಹೇಳಲಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ಚೀಟಿ ಇಲ್ಲದೆ ನೇರ ಖಾಸಗಿಗೆ ಹೋಗಿ ನಾವು ಅರ್ಧ ದಾರಿಯಿಂದ ವಾಪಸ್ ಬಂದಿದ್ದೇವೆ.

ಮಾಲೂರು_ಹೆಂಚು
ಬಂಗಾರಪೇಟೆಯಿಂದ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಹತ್ತಿರವೇ. ಬೆಂಗಳೂರಿಗೆ ಹೋಗುವುದಾದರೆ ವಿಕ್ಟೋರಿಯಾ ಆವರಣದಲ್ಲಿ ಕಿಡ್ನಿಗೇ ಅಂತ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಮಾರಿಕುಪ್ಪಂ ರೈಲು ಹಿಡಿದರೆ ಬಸ್ಸಿನಷ್ಟು ಸುಸ್ತಾಗಲ್ಲ.

ಪಾವಗಡ_ಬಂಡೆ
ಸ್ಟೆಂಟ್ ಬಗ್ಗೆ ನಾನು ಹೇಳಲೇಬೇಕು. ನನ್ನ ಅಣ್ಣನಿಗೆ ಒಂದು ಆಸ್ಪತ್ರೆಯಲ್ಲಿ ಕಲ್ಲು ತೆಗೆದು ಡಿಜೆ ಸ್ಟೆಂಟ್, ಅಂದರೆ ಮೂತ್ರ ಸರಾಗವಾಗಿ ಇಳಿಯಲು ಮೂತ್ರನಾಳದೊಳಗೆ ಇಡುವ ಸಣ್ಣ ಕೊಳವೆ ಹಾಕಿದರು. ಯಾವ ದಿನ ತೆಗೆಸಬೇಕು ಅಂತ ಚೀಟಿಯಲ್ಲಿ ಬರೆದಿರಲಿಲ್ಲ. ಒಳಗೆ ಕೊಳವೆ ಇದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಎರಡು ವರ್ಷ ಆದ ಮೇಲೆ ಉರಿ, ಜ್ವರ ಅಂತ ಹೋದರೆ ಸ್ಟೆಂಟ್ ಸುತ್ತಲೇ ಕಲ್ಲು ಬೆಳೆದಿತ್ತು. ಅದನ್ನು ತೆಗೆಯಲು ಎರಡು ಆಪರೇಷನ್. ಅಣ್ಣ ಗಾರೆ ಕೆಲಸದವನು, ಓದು ಬರಹ ಇಲ್ಲ. ಬಾಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಥಿಯೇಟರ್_ಸಿಸ್ಟರ್
ಓದಿ ಸಂಕಟ ಆಯಿತು. ಸ್ಟೆಂಟ್ ಸಾಮಾನ್ಯವಾಗಿ ಕೆಲವು ವಾರಗಳ ಮಾತು, ಮೂರು ತಿಂಗಳು ಮೀರಬಾರದು. ಡಿಸ್ಚಾರ್ಜ್ ದಿನವೇ ತೆಗೆಯುವ ತಾರೀಕು ಬರೆಸಿಕೊಳ್ಳಿ. ಗೋಡೆಯ ಕ್ಯಾಲೆಂಡರ್‌ನಲ್ಲೂ ಗುರುತು ಹಾಕಿ.

ಬಂಗಾರಪೇಟೆ_ಮನೆ (ಐದು ವಾರದ ನಂತರ)
ಎಲ್ಲರೂ ಕೇಳುತ್ತಿದ್ದೀರಿ, ತಡವಾಯಿತು. ಅಪ್ಪನ ಆಪರೇಷನ್ ಆಯಿತು. ತೂತಿನದ್ದೇ.

1998ರ ಚೀಟಿ ಅಜ್ಜಿಯ ಟ್ರಂಕಿನಲ್ಲಿ, ಹೊಲದ ಪಹಣಿಯ ಜೊತೆ ಮಡಚಿ ಇತ್ತು. ಪೈಲೋಲಿಥಾಟಮಿ ಅಂತ ಬರೆದಿತ್ತು. ಚೀಲ ಮಾತ್ರ ಕೊಯ್ದಿದ್ದರಂತೆ, ಡಾಕ್ಟರು ನೋಡಿ ಸಮಾಧಾನಪಟ್ಟರು. ಸಿ.ಟಿ.ಯಲ್ಲಿ ಕರುಳು ಹಿಂದೆ ಬಂದಿಲ್ಲ ಅಂತ ಗೊತ್ತಾಯಿತು. 26 ಮಿ.ಮೀ. ಕಲ್ಲಿನ ಜೊತೆ ಕೆಳಗಿನ ಬಟ್ಟಲಲ್ಲಿ 8 ಮಿ.ಮೀ. ಇನ್ನೊಂದು ಇತ್ತು. ಮೂತ್ರದ ಕಲ್ಚರ್‌ನಲ್ಲಿ ಸೋಂಕು ಬಂತು. ಒಂದು ವಾರ ಔಷಧಿ ಕೊಟ್ಟು ಮತ್ತೆ ಕಲ್ಚರ್ ಮಾಡಿ, ಸರಿಯಾದ ಮೇಲೇ ಮುಟ್ಟಿದರು.

ಸಿಸ್ಟರ್ ಹೇಳಿದ ಪ್ರಶ್ನೆ ಕೇಳಿದೆ. "ಮಾಡಿದ್ದೇನೆ, ಕಷ್ಟವಾದರೆ ಅಲ್ಲಿಗೇ ನಿಲ್ಲಿಸಿ ಟ್ಯೂಬ್ ಹಾಕಿ ಹೊರಗೆ ಬರುತ್ತೇನೆ, ಕೆಲವು ದಿನ ಬಿಟ್ಟು ಮತ್ತೆ ನೋಡೋಣ" ಅಂದರು. ಆ ಮಾತು ಕೇಳಿಯೇ ಅಪ್ಪ ಒಪ್ಪಿದ್ದು. ಎರಡೂವರೆ ಗಂಟೆ ಹಿಡಿಯಿತು. ಮೊದಲ ಕೊಳವೆ ಹೋಗಲಿಲ್ಲವಂತೆ, ಲೋಹದ್ದು ಬಳಸಿದರಂತೆ. ಒಂದೇ ತೂತು. ರಕ್ತ ಕೊಡಬೇಕಾಗಲಿಲ್ಲ. ಮೂರನೇ ದಿನ ಟ್ಯೂಬ್ ತೆಗೆದರು, ಐದನೇ ದಿನ ಮನೆ. 3 ಮಿ.ಮೀ. ಚೂರು ಒಂದು ಉಳಿದಿದೆ, ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿ ನೋಡೋಣ ಅಂದಿದ್ದಾರೆ. ಕ್ರಿಯೇಟಿನಿನ್ 1.2ಕ್ಕೆ ಇಳಿದಿದೆ.

ಚಿಂತಾಮಣಿ_ಚಾವಡಿ
ಸಂತೋಷ. ನನ್ನ ಮಾತು ಕೇಳಲಿಲ್ಲ, ಒಳ್ಳೆಯದೇ ಆಯಿತು. ಭಾವನಿಗೂ ಈ ಚರ್ಚೆ ಕಳಿಸಿದ್ದೇನೆ.

ಯೂರೋ_ವಾರ್ಡ್
ತುಂಬಾ ಖುಷಿ ಆಯಿತು. ಕಲ್ಲನ್ನು ಪರೀಕ್ಷೆಗೆ ಕಳಿಸಿದರಾ?

ಬಂಗಾರಪೇಟೆ_ಮನೆ
ಕಳಿಸಿದರು. ಕ್ಯಾಲ್ಸಿಯಂ ಆಕ್ಸಲೇಟ್. ಉಪ್ಪು ಕಮ್ಮಿ ಮಾಡಿ, ನಿಂಬೆ ಹಣ್ಣಿನ ನೀರು ಕುಡಿಯಿರಿ ಅಂದಿದ್ದಾರೆ.

ಪಾವಗಡ_ಬಂಡೆ
ಸ್ಟೆಂಟ್?

ಬಂಗಾರಪೇಟೆ_ಮನೆ
ಕ್ಯಾಲೆಂಡರ್‌ನಲ್ಲಿ ಕೆಂಪು ಗುಂಡು ಹಾಕಿದ್ದೆವು ಅಣ್ಣಾ. ನಿನ್ನೆ ತೆಗೆಸಿದೆವು, ಹತ್ತು ನಿಮಿಷದ ಕೆಲಸ. ಸ್ಟೇಷನ್‌ನಿಂದ ಮನೆಗೆ ಬರುವಾಗ ಅಪ್ಪ ಪಾನಿಪುರಿ ಗಾಡಿ ಹತ್ತಿರ ನಿಂತುಬಿಟ್ಟರು. ಒಂದು ಪ್ಲೇಟ್ ತಿಂದರು. ಆಮೇಲೆ ಅವರೇ ಕೇಳಿ ಒಂದು ಲೀಟರ್ ನೀರಿನ ಬಾಟಲಿ ತೆಗೆಸಿಕೊಂಡರು, ಮನೆ ಸೇರುವ ಹೊತ್ತಿಗೆ ಖಾಲಿ ಮಾಡಿದ್ದರು.